ಬೆನ್ನು ತಿರುಗಿಸಿ ನೋಡಿದ ಸಿನಿಮಾ

ಕಳೆದ ತಿಂಗಳು ಹಳೆಯ ಶಿಷ್ಯನೊಬ್ಬನ ಹೊಸ ಮನೆಯ ಒಕ್ಕಲಿಗೆ ವಾಮದಪದವಿಗೆ ಹೋಗಿದ್ದೆ. ಊಟದ ಪಂಕ್ತಿ ಕುಳಿತಾಗಲೇ ಕರೆಂಟು ಹೋಯಿತು. ಚಪ್ಪರದ ಹಿಂದೆ ಯಾರೋ ಜನರೇಟರಿನ ಹಗ್ಗ ಎಳೆದರು. ಅದು ಎರಡು ಸಲ ಕೆಮ್ಮಿ ಹೊಗೆ ಉಗುಳಿತು. ಸೀಮೆಎಣ್ಣೆಯ ಆ ವಾಸನೆಯೂ ಬಿಸಿಲಿಗೆ ಕಾದ ತಾಡಪಾಲಿನ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯನ್ನು ಎಲೆಯ ಮೇಲೆ ಹಾಗೇ ಹಿಡಿದು ಕೂತುಬಿಟ್ಟೆ. ಪಾಯಸ ಬಡಿಸುವವನು "ಮಾಸ್ಟ್ರಿಗೆ ಬೇಡವಂತೆ" ಎಂದು ಮುಂದೆ ಹೋದ. ಪಾಯಸ ಹೋದರೆ ಹೋಗಲಿ, ನನಗೊಂದು ಬೇಸಗೆ ಹಿಂದೆ ಸಿಕ್ಕಿತು.

ಅರವತ್ತರ ದಶಕದ ಆರಂಭ ಅದು. ನಾನು ಬಂಟ್ವಾಳ ಪೇಟೆಯಿಂದ ಅಲ್ಲಿನ ಶಾಲೆಗೆ ಹೊಸದಾಗಿ ಬಂದಿದ್ದ ಮಾಸ್ಟ್ರು. ವಯಸ್ಸು ಇಪ್ಪತ್ತಮೂರು. ತಲೆಯಲ್ಲಿ ಇದ್ದದ್ದಕ್ಕಿಂತ ನಾಲಗೆಯಲ್ಲಿ ಇದ್ದದ್ದು ಹೆಚ್ಚು. ಅದಕ್ಕೆ ಕಾರಣ ತಾಳಮದ್ದಲೆಯ ಹುಚ್ಚು. ವೇಷ ಕಟ್ಟದೆ ಚಾಪೆಯ ಮೇಲೆ ಕೂತು, ಭಾಗವತರು ಒಂದು ಪದ್ಯ ಹಾಡಿದರೆ ಅದಕ್ಕೆ ಅರ್ಧ ಗಂಟೆ ಅರ್ಥ ಹೇಳುವ ಕಲೆ ಅದು. ಎದುರಾಳಿಯ ಬಾಯಿ ಕಟ್ಟಿಸಿದವನು ಅಲ್ಲಿ ಗೆದ್ದ, ಸುಮ್ಮನಾದವನು ಸೋತ. ಆ ಲೆಕ್ಕದಲ್ಲಿ ನಾನು ಯಾರಿಗೂ ಸೋತವನಲ್ಲ. ಕೇಳುವವರಿಗೆ ಸುಸ್ತಾದದ್ದುಂಟು, ನನಗಾದದ್ದಿಲ್ಲ.

ಆ ವರ್ಷ ಸುಗ್ಗಿ ಕೊಯ್ಲು ಮುಗಿದ ಗದ್ದೆಯಲ್ಲಿ ಟೂರಿಂಗ್ ಟಾಕೀಸಿನ ಟೆಂಟು ಬಿತ್ತು. ಮೂಡಬಿದಿರೆಯಲ್ಲಿ ಎರಡು ತಿಂಗಳು ಮುಗಿಸಿ ಜನರೇಟರಿನ ಸಮೇತ ಲಾರಿಯಲ್ಲಿ ಬಂದಿತ್ತು, ಇಲ್ಲಿಂದ ಮುಂದೆ ಬೆಳ್ತಂಗಡಿಗೆ ಹೋಗುವುದಿತ್ತು. ಮುಂದೆ ನೆಲ, ಹಿಂದೆ ಬೆಂಚು, ನಡುವೆ ಹಗ್ಗ ಎಳೆದು ಎಡಕ್ಕೆ ಹೆಂಗಸರು, ಬಲಕ್ಕೆ ಗಂಡಸರು. ಟೆಂಟಿನ ಧಣಿ ಸಂಜೀವ ಶೆಟ್ರು ಒಳ್ಳೆಯ ಮನುಷ್ಯ. ಆದರೆ ಸಿನಿಮಾವನ್ನು ಪೋಸ್ಟರ್ ನೋಡಿ ತರಿಸುತ್ತಿದ್ದರು. ಮಾರ್ಚಿನಲ್ಲಿ ಬಂದ ಒಂದು ರೀಲು ಪೆಟ್ಟಿಗೆಯ ಪೋಸ್ಟರಿನಲ್ಲಿ ಆನೆಯಿತ್ತು, ಕತ್ತಿ ಹಿಡಿದ ಸೈನ್ಯವಿತ್ತು, ಕಿರೀಟವಿಟ್ಟ ರಾಣಿಯಿದ್ದಳು. ಶೆಟ್ರು ಕಲ್ಲಡ್ಕದವರೆಗೂ ನೋಟೀಸು ಹಂಚಿಸಿದರು. ಮೊದಲ ದಿನ ಟೆಂಟು ತುಂಬಿತು.

ಸಿನಿಮಾದಲ್ಲಿ ಆನೆ ಬರಲೇ ಇಲ್ಲ.

ಭಾಷೆ ಉತ್ತರದ ಯಾವುದೋ ಕಡೆಯದು, ನಮ್ಮಲ್ಲಿ ಯಾರಿಗೂ ತಿಳಿಯದು. ಕಥೆ ಇಷ್ಟೇ: ಸಣ್ಣದೊಂದು ಸಂಸ್ಥಾನ. ರಾಜ ಯುದ್ಧಕ್ಕೆ ಹೋಗಿದ್ದಾನೆ. ರಾಣಿ ಅರಮನೆಯಲ್ಲಿ ಮೂರು ದಿನ ಕಾಯುತ್ತಾಳೆ. ಮೂರನೆಯ ದಿನ ರಾಜ ಸೋತು ಸತ್ತ ಸುದ್ದಿ ಬರುತ್ತದೆ. ಯುದ್ಧ ನಮಗೆ ಕಾಣುವುದಿಲ್ಲ, ಸುದ್ದಿ ತಂದವನ ಧೂಳು ಹಿಡಿದ ಕಾಲು ಮಾತ್ರ ಕಾಣುತ್ತದೆ. ಕ್ಯಾಮೆರಾ ಹೆಚ್ಚಿನ ಹೊತ್ತು ನೆಲದಲ್ಲೇ ಕೂತಿರುತ್ತದೆ, ನಮ್ಮ ಅಜ್ಜಿಯಂದಿರು ಜಗಲಿಯಲ್ಲಿ ಕೂತ ಹಾಗೆ. ಯಾರಾದರೂ ಎದುರಿನಿಂದ ಹಾದುಹೋದರೆ ಸೀರೆಯ ಅಂಚು ಕಂಡೀತು, ಮುಖ ಕಾಣದು. ಅರ್ಧ ಪರದೆ ಕತ್ತಲು. ಹಾಡಿಲ್ಲ, ಕುಣಿತವಿಲ್ಲ. "ಬಲ್ಬು ಹೋಗಿದೆಯಾ ಶೆಟ್ರೇ?" ಎಂದು ಬೆಂಚಿನವರು ಕೂಗಿದರು. ಎರಡನೆಯ ದಿನ ಅರ್ಧ ಟೆಂಟು ಖಾಲಿ.

ಮೂರನೆಯ ದಿನ ಶೆಟ್ರು ನನ್ನ ಬಾಡಿಗೆ ಕೋಣೆಗೆ ಬಂದರು.

"ಮಾಸ್ಟ್ರೇ, ಮರ್ಯಾದೆ ಪ್ರಶ್ನೆ. ಎರಡು ವಾರಕ್ಕೆ ಬೇರೆ ಪೆಟ್ಟಿಗೆ ಇಲ್ಲ. ನೀವು ಪರದೆಯ ಪಕ್ಕ ನಿಂತು ತುಳುವಿನಲ್ಲಿ ಒಂದು ನಾಲ್ಕು ಮಾತು ಬಿಡಿಸಿ ಹೇಳಬೇಕು."

ನನಗೆ ನಾಲ್ಕು ಮಾತು ಹೇಳಿ ಗೊತ್ತೇ ಇರಲಿಲ್ಲ. ಮೈಕು ಕೈಗೆ ಸಿಕ್ಕಿದ್ದೇ ಸಿಕ್ಕಿದ್ದು, ಆ ರಾಣಿ ಬಾಯಿ ತೆರೆಯದ ಕಡೆಯಲ್ಲೆಲ್ಲ ನಾನು ಬಾಯಿ ತೆರೆದೆ. ಅವಳು ಕಿಟಕಿಯ ಹತ್ತಿರ ನಿಂತರೆ ರಾಜಧರ್ಮದ ಮೇಲೆ ಭಾಷಣ. ಅವಳು ನೀರು ಕುಡಿದರೆ ಹೆಣ್ಣುಜನ್ಮದ ಗೋಳು. ಸುದ್ದಿ ಕೇಳಿದ ಮೇಲೆ ಅವಳು ಒಬ್ಬಳೇ ಕೂತು ಒಡವೆ ಕಳಚುವ ಉದ್ದದ ದೃಶ್ಯವೊಂದಿತ್ತು. ಏಳೆಂಟು ನಿಮಿಷ ಒಂದೇ ಒಂದು ಮಾತಿಲ್ಲ. ಅಲ್ಲಿ ನಾನು "ಹಾ ಪ್ರಾಣಕಾಂತಾ!" ಎಂದು ಶುರು ಮಾಡಿದರೆ ಹೆಂಗಸರ ಕಡೆಯಲ್ಲಿ ಸೆರಗು ಕಣ್ಣಿಗೆ ಹೋಗುತ್ತಿತ್ತು, ಗಂಡಸರ ಕಡೆಯಿಂದ ಶಿಳ್ಳೆ ಬರುತ್ತಿತ್ತು. ಆಪರೇಟರು ಸಿನಿಮಾದ ಸದ್ದನ್ನೇ ತಗ್ಗಿಸಿ ನನಗೆ ದಾರಿ ಬಿಡುತ್ತಿದ್ದ. ಒಂದೇ ವಾರದಲ್ಲಿ ಟೆಂಟು ಮತ್ತೆ ತುಂಬಿತು. ಸಿನಿಮಾ ನೋಡಲು ಅಲ್ಲ, ಮಾಸ್ಟ್ರ ಅರ್ಥ ಕೇಳಲು. ದಾರಿಯಲ್ಲಿ ಹೋದರೆ ಜನ ಎದ್ದು ನಿಲ್ಲುತ್ತಿದ್ದರು. ಆಗ ನನಗಿದ್ದ ಜಂಬ ನೆನೆದರೆ ಈಗ ನಾಚಿಕೆಯಾಗುತ್ತದೆ. ಆಗ ಆಗಲಿಲ್ಲ ಎಂಬುದೂ ಸತ್ಯ.

ಆ ಟೆಂಟಿಗೆ ದಿನಾ ಬರುತ್ತಿದ್ದವರು ತ್ಯಾಂಪಣ್ಣ. ಐವತ್ತು ದಾಟಿದ ದರ್ಜಿ. ಪೇಟೆಯ ಜವಳಿ ಅಂಗಡಿಯ ಜಗಲಿಯಲ್ಲಿ ಅವರ ಹೊಲಿಗೆ ಮೆಷಿನು. ಟೆಂಟಿನ ಬಟ್ಟೆ ಹರಿದರೆ ಹೊಲಿದುಕೊಡುವ ಕೆಲಸವೂ ಅವರದೇ ಆದ್ದರಿಂದ ಅವರಿಗೆ ಟಿಕೇಟಿಲ್ಲ. ಹಿಂದಿನ ಕಂಬಕ್ಕೆ ಒರಗಿ ನಿಂತೇ ನೋಡುತ್ತಿದ್ದರು.

ಅವರು ಒಂದು ಕಾಲದಲ್ಲಿ ಯಕ್ಷಗಾನದ ಮೇಳದಲ್ಲಿ ಹೆಸರಾಂತ ಸ್ತ್ರೀವೇಷಧಾರಿ. ಹನ್ನೆರಡು ವರ್ಷದ ಹಿಂದೆ ಇದೇ ಊರಿನ ಬಯಲಾಟದಲ್ಲಿ, ಗಂಡ ಕಾಡಿನಲ್ಲಿ ಬಿಟ್ಟುಹೋದ ರಾಣಿಯ ವೇಷ ಮಾಡಿದ್ದಾಗ, ನಡು ರಂಗದಲ್ಲಿ ಅವರಿಗೆ ಮಾತು ಮರೆತುಹೋಯಿತಂತೆ. ಜನ "ಪಾತೆರ್ಲೆ! ಪಾತೆರ್ಲೆ!" ಎಂದು ಕೂಗಿದರಂತೆ. ಮಾತಾಡಿ, ಮಾತಾಡಿ ಎಂದು. ಅವರು ಎದ್ದು ವೇಷ ಕಟ್ಟುವ ಚೌಕಿಗೆ ಹೋದವರು ಮತ್ತೆ ಗೆಜ್ಜೆ ಕಟ್ಟಲಿಲ್ಲ. ಅಂದಿನಿಂದ ಊರಿನ ಬಾಯಲ್ಲಿ ಅವರು 'ಮರೆತ ತ್ಯಾಂಪಣ್ಣ'. ನಾನು ಊರಿಗೆ ಬಂದ ಮೊದಲ ವಾರವೇ ಅವರ ಹೆಂಡತಿ ಗಿರಿಜಕ್ಕ, ನಾನು ಕೇಳದೆಯೇ, ಹೇಳಿದ್ದರು.

"ಅವರಿಗೆ ಆ ದಿನ ಚಳಿಜ್ವರ ಮಾಸ್ಟ್ರೇ. ಮೈ ಮುಟ್ಟಿದರೆ ಸುಡ್ತಾ ಇತ್ತು. ಇಲ್ಲದಿದ್ದರೆ ಅವರು ಮರೆಯುವವರಾ?"

ಹೊಸಬರು ಯಾರೇ ಬರಲಿ, ಗಿರಿಜಕ್ಕ ಮೊದಲು ಈ ಜ್ವರದ ಸಂಗತಿ ಹೇಳಿಬಿಡುತ್ತಿದ್ದರು. ಊರು ಹೇಳುವ ಮೊದಲು ತಾನು ಹೇಳಿಬಿಟ್ಟರೆ ಗಂಡನ ಮಾನ ಅಷ್ಟಾದರೂ ಉಳಿದೀತು ಎಂಬ ಆಸೆ ಇರಬೇಕು. ಆಟಕ್ಕಾಗಲಿ ಸಿನಿಮಾಕ್ಕಾಗಲಿ ಗಿರಿಜಕ್ಕ ಮಾತ್ರ ಆಮೇಲೆ ಹೋದವರಲ್ಲ.

ಕೊನೆಯ ವಾರದ ಶನಿವಾರ, ಅರ್ಧ ದಿನದ ಶಾಲೆ ಮುಗಿಸಿ ಟೆಂಟಿನ ಕಡೆ ಹೋದೆ. ಗುಡ್ಡದ ಗೇರುಮರಗಳು ಹೂ ಬಿಟ್ಟು ಗಾಳಿಯೆಲ್ಲ ಘಮ್ ಎನ್ನುತ್ತಿತ್ತು. ಬಿಸಿಲಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ತ್ಯಾಂಪಣ್ಣ ಟೆಂಟಿನ ಒಂದು ಬದಿಯನ್ನು ಇಳಿಸಿ, ದಬ್ಬಣ ಹಿಡಿದು ಹೊಲಿಯುತ್ತಿದ್ದರು. ನಾನು ಬಟ್ಟೆಯ ತುದಿ ಹಿಡಿದು ಕೂತೆ.

"ಮಾಸ್ಟ್ರೇ, ನಿಮ್ಮ ಮಾತು ಚಂದ ಉಂಟು," ಎಂದರು.

ನಾನು ಉಬ್ಬಿದೆ.

"ಆದರೆ ರಾಣಿ ಒಡವೆ ತೆಗೆಯುವ ಸೀನು ಉಂಟಲ್ಲ, ಅದಕ್ಕೆ ಮಾತ್ರ ಸುಮ್ಮನಿದ್ದರೆ ಆಗುದಿಲ್ಲವಾ? ಒಂದೇ ಒಂದು ದಿನ?"

"ಜನ ಬರುವುದೇ ಆ ಸೀನಿಗೆ ಅಲ್ವಾ ತ್ಯಾಂಪಣ್ಣ?"

"ನೀವು ಆ ಸೀನು ನೋಡಿದ್ದೀರಾ?"

"ಇದೊಳ್ಳೆ ಕಥೆಯಾಯ್ತು. ದಿನಾ ಹೇಳುವವನೇ ನಾನು."

"ಹೇಳುದು ನೀವೇ. ನೋಡಿದ್ದೀರಾ ಅಂತ ಕೇಳಿದ್ದು. ನಿಮ್ಮ ಮುಖ ಯಾವಾಗಲೂ ನಮ್ಮ ಕಡೆಗೆ ಅಲ್ವಾ?"

ತಾಳಮದ್ದಲೆಯ ಅಭ್ಯಾಸ, ಸಭೆಗೆ ಮುಖ ಕೊಟ್ಟು ಮಾತಾಡುವುದು. ಮೊದಲ ದಿನ ಬೆಂಚಿನಲ್ಲಿ ಕೂತಿದ್ದೆ, ಆದರೆ ಆ ದೃಶ್ಯ ಬರುವ ಹೊತ್ತಿಗೆ ಎದ್ದುಹೋಗಿ ಹೊರಗೆ ಗೋಳಿಬಜೆ ತಿನ್ನುತ್ತಿದ್ದೆ. ಆಮೇಲೆ ದಿನವೂ ಯಾವ ದೃಶ್ಯವೆಂದು ಓರೆಗಣ್ಣಿನಲ್ಲಿ ಒಮ್ಮೆ ನೋಡಿ, ಪರದೆಗೆ ಬೆನ್ನು ಹಾಕಿಯೇ ಅರ್ಥ ಹೇಳಿದ್ದೆ. ಇಷ್ಟು ದಿನ ನಾನು ಸಿನಿಮಾ ನೋಡಿದ್ದು ಬೆನ್ನಿನಿಂದ. ತಪ್ಪು ಸಿಕ್ಕಿಬಿದ್ದವನಿಗೆ ಸಿಟ್ಟು ಬರುವುದು ಬೇಗ. ನನಗೂ ಬಂತು.

"ಮಾತು ಮರೆತವರಿಗೆ ಮಾತಿಲ್ಲದ್ದೇ ಚಂದ ಕಾಣುವುದು ಬಿಡಿ," ಎಂದುಬಿಟ್ಟೆ.

ದಬ್ಬಣ ನಿಂತಿತು. ಆಡಿದ ಮರುಕ್ಷಣ ನಾಲಗೆ ಕಚ್ಚಿಕೊಂಡೆ, ಆದರೆ ಆಡಿ ಆಗಿತ್ತು. ತ್ಯಾಂಪಣ್ಣ ಸಿಟ್ಟಾಗಲಿಲ್ಲ. ಕೊರಳಿನ ಅಳತೆ ಟೇಪನ್ನೂ ತೆಗೆಯದೆ ಆ ಟೆಂಟಿನ ಬಟ್ಟೆಯ ಮೇಲೆ ಒಂದು ಬದಿಗೆ ಮಲಗಿದರು. ನಿದ್ದೆಯಿಂದ ಎಚ್ಚರಾದವರ ಹಾಗೆ, ಕಣ್ಣು ಬಿಡದೆ, ಕಾಡಿನ ಆ ರಾಣಿಯಾಗಿ, ಪಕ್ಕದಲ್ಲಿರುವ ಗಂಡನಿಗಾಗಿ ಕೈ ಚಾಚಿದರು. ಅಲ್ಲಿ ಗಂಡ ಇಲ್ಲ. ಕೈ ನೆಲಕ್ಕೆ ತಾಗಿತು. ಅವರು ಕೈಯನ್ನು ಹಿಂದೆ ತೆಗೆಯಲಿಲ್ಲ. ಕಣ್ಣು ಬಿಡಲೂ ಇಲ್ಲ. ಬಿಟ್ಟರೆ ನಿಜವಾಗಿಬಿಡುತ್ತದಲ್ಲ. ಬೆರಳು ಮಾತ್ರ ಒಂದಿಷ್ಟು, ಒಂದಿಷ್ಟೇ, ಮುಂದೆ ಹೋಗಿ ನಿಂತಿತು. ಆ ಉರಿಬಿಸಿಲಿನಲ್ಲಿ, ಕಚ್ಚೆ ಉಟ್ಟ ಆ ನರೆತ ಗಂಡಸಿನಲ್ಲಿ, ನನಗೆ ಹೆಂಗಸೊಬ್ಬಳು ಕಂಡಳು.

ಅವರು ಎದ್ದು ಧೂಳು ಕೊಡವಿಕೊಂಡರು.

"ಮರೆತದ್ದಲ್ಲ ಮಾಸ್ಟ್ರೇ. ಅಲ್ಲಿ ಮಾತು ಬೇಡ ಅನಿಸಿತು. ಕೈ ಅಲ್ಲೇ ಇಟ್ಟು ಮಲಗಿಯೇ ಇದ್ದೆ. ಜನ ಪಾತೆರ್ಲೆ ಅಂದರು. ಭಾಗವತರು ಅದೇ ಪದ್ಯ ಮೂರು ಸಲ ಎತ್ತಿಕೊಟ್ಟರು, ಪಾಪ, ನನ್ನನ್ನು ಉಳಿಸಲಿಕ್ಕೆ. ಆಮೇಲೆ ಎಲ್ಲರೂ ಮರೆತದ್ದು, ಮರೆತದ್ದು ಅಂತ ಹೇಳಿ ಹೇಳಿ ನನಗೇ ಸಂಶಯ ಬಂತು. ಮರೆತದ್ದೇ ಇರಬೇಕು ಅಂತ. ಗಿರಿಜ ಜ್ವರ ಅಂತ ಹೇಳ್ತಾಳೆ. ಜ್ವರ ಇರಲಿಲ್ಲ. ಅವಳಿಗೂ ಗೊತ್ತುಂಟು, ನನಗೂ ಗೊತ್ತುಂಟು. ಆ ವಿಷಯ ನಾವು ಮಾತಾಡಿದ್ದೇ ಇಲ್ಲ."

ಮತ್ತೆ ದಬ್ಬಣ ಎತ್ತಿಕೊಂಡರು.

"ಈಗ ಪರದೆಯಲ್ಲಿ ಆ ಹೆಂಗಸು ಅದನ್ನೇ ಮಾಡ್ತಾಳೆ. ಯಾವ ಊರಿನವಳೋ ಏನೋ. ನನಗೆ ಊರಿನವರು ನೋಡಬೇಕು ಅಂತ ಇಲ್ಲ. ಗಿರಿಜ ಒಮ್ಮೆ ನೋಡಬೇಕು. ನಿಮ್ಮ ಮಾತಿಲ್ಲದೆ ನೋಡಬೇಕು. ನಾಳೆ ಹೇಗಾದರೂ ಮಾಡಿ ಕರಕೊಂಡು ಬರ್ತೇನೆ."

ನಾಳೆ ಎಂದರೆ ಭಾನುವಾರ, ಆ ಸಿನಿಮಾದ ಕೊನೆಯ ದಿನ. ಸೋಮವಾರ ಪೆಟ್ಟಿಗೆ ಹಿಂದೆ ಹೋಗುವುದಿತ್ತು. ನಾನು "ಆಯ್ತು" ಎಂದೆ. ಅಷ್ಟು ಚಿಕ್ಕ ಮಾತನ್ನು ಅದಕ್ಕಿಂತ ಮೊದಲು ನಾನು ಆಡಿದ್ದು ನೆನಪಿಲ್ಲ.

ಭಾನುವಾರ ಸಂಜೆಯ ಮೊದಲ ಆಟ. ಕೊನೆಯ ದಿನವೆಂದು ಧರ್ಮಸ್ಥಳದ ಕಡೆಯಿಂದಲೂ ಜನ ಬಂದಿದ್ದರು. ಹೆಂಗಸರ ಕಡೆ ಮೂರನೆಯ ಸಾಲಿನಲ್ಲಿ ಗಿರಿಜಕ್ಕ ಹಸಿರು ಸೀರೆ ಉಟ್ಟು, ಯಾರ ಮುಖವನ್ನೂ ನೋಡದೆ ಕೂತಿದ್ದರು. ತ್ಯಾಂಪಣ್ಣ ಎಂದಿನಂತೆ ಕಂಬದ ಹತ್ತಿರ. ಮೊದಲಿನ ಭಾಗಕ್ಕೆಲ್ಲ ನಾನು ಅರ್ಥ ಹೇಳಿದೆ, ಸ್ವಲ್ಪ ಕಡಿಮೆ ಉಪ್ಪು ಖಾರ ಹಾಕಿ. ಧೂಳಿನ ಕಾಲು ಬಂತು, ಸುದ್ದಿ ಮುಟ್ಟಿತು. ರಾಣಿ ಕೋಣೆಗೆ ಬಂದು ಕೂತಳು. ನಾನು ಮೈಕನ್ನು ಸ್ಟೂಲಿನ ಮೇಲಿಟ್ಟು, ಸಭೆಗೆ ಬೆನ್ನು ಹಾಕಿ, ಪರದೆಯ ಕಡೆ ತಿರುಗಿದೆ.

ಅಷ್ಟು ಹತ್ತಿರದಿಂದ ನೋಡಿದರೆ ಪರದೆಯಲ್ಲಿ ತ್ಯಾಂಪಣ್ಣ ಹಾಕಿದ ಹೊಲಿಗೆಯೂ ಕಾಣುತ್ತಿತ್ತು. ರಾಣಿಯ ಮುಖ ಅರ್ಧ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಅವಳೇನೂ ಸುಂದರಿಯಲ್ಲ. ಕಣ್ಣ ಕೆಳಗೆ ಕಪ್ಪು, ಸ್ವಲ್ಪ ದಪ್ಪ ಮೂಗು. ಮೊದಲು ಕಿವಿಯದ್ದು ತೆಗೆದಳು, ತಟ್ಟೆಯಲ್ಲಿಟ್ಟಳು. ಆಮೇಲೆ ಉಂಗುರ. ಆಮೇಲೆ ಬಳೆ. ಅಳುತ್ತಿಲ್ಲ. ಸಿನಿಮಾದ ಕಥೆಯ ಮೊದಲ ರಾತ್ರಿ, ದಾಸಿಯ ಜೊತೆ ಹರಟುತ್ತಾ, ಇದೇ ಕ್ರಮದಲ್ಲಿ ಅವಳು ಒಡವೆ ಕಳಚುವುದು ನನಗೆ ಆಗ ನೆನಪಿಗೆ ಬಂತು. ದಿನಾ ಮಲಗುವ ಮೊದಲು ಮಾಡುವ ಕೆಲಸವನ್ನೇ ಇಂದೂ ಮಾಡುತ್ತಿದ್ದಾಳೆ. ಇವತ್ತೂ ಎಲ್ಲ ದಿನಗಳ ಹಾಗೆಯೇ ಎಂದು ತನ್ನ ಕೈಗಳಿಗೆ ನಂಬಿಸುತ್ತಿದ್ದಾಳೆ. ಇಷ್ಟು ದಿನ ನಾನು ಈ ಹೆಂಗಸನ್ನು "ಪ್ರಾಣಕಾಂತಾ" ಎಂದು ಗೋಳಾಡಿಸಿದ್ದೆನಲ್ಲ!

ಹಿಂದಿನಿಂದ ಗದ್ದಲ ಶುರುವಾಗಿತ್ತು.

"ಎಂತ ಮಾಸ್ಟ್ರೇ, ನಿದ್ದೆಯಾ?"

"ಮಾಸ್ಟ್ರಿಗೆ ಮರೆತುಹೋಯ್ತು ಮಾರಾಯ!"

ಆಮೇಲೆ ಬೆಂಚಿನ ಕಡೆಯಿಂದ ಚಪ್ಪಾಳೆ ತಟ್ಟಿಕೊಂಡು ಒಂದೇ ಕೂಗು. "ಪಾತೆರ್ಲೆ! ಪಾತೆರ್ಲೆ!"

ಇಷ್ಟು ಜನರ ಎದುರು ಮಾತು ಬರದವನಂತೆ ನಿಲ್ಲುವುದು ಎಂದರೇನು ಎಂದು ನನಗೆ ಅವತ್ತು ಗೊತ್ತಾಯಿತು. ಶೆಟ್ರು ಕತ್ತಲಲ್ಲಿ ಎಡವುತ್ತಾ ಬಂದು ಮೈಕನ್ನು ನನ್ನ ಕೈಗೆ ತುರುಕಿದರು. "ಗಂಟಲು ಕಟ್ಟಿತಾ? ಎಂತಾದರೂ ಹೇಳಿ ಮಾರಾಯ್ರೆ, ಮರ್ಯಾದೆ ತೆಗೀಬೇಡಿ!" ನಾಲಗೆಯ ತುದಿಗೆ ಬಂದೇಬಿಟ್ಟಿತ್ತು. ಒಂದು "ಹಾ" ಎಂದಿದ್ದರೆ ಸಾಕಿತ್ತು, ಇಡೀ ಟೆಂಟು ನನ್ನದಾಗುತ್ತಿತ್ತು. ತುಟಿ ಬಿಗಿಹಿಡಿದು ಪರದೆ ನೋಡಿದೆ.

ಕೊನೆಗೆ ಉಳಿದದ್ದು ಕೊರಳಿನ ಸರ. ಅದರ ಕೊಕ್ಕೆ ಬೆನ್ನ ಹಿಂದೆ, ಅದನ್ನು ಬಿಚ್ಚುವವಳು ದಾಸಿ. ರಾಣಿ ಹಿಂತಿರುಗಿ ನೋಡದೆ, ಜಡೆ ಒತ್ತಟ್ಟಿಗೆ ಸರಿಸಿ, ಕತ್ತು ಬಗ್ಗಿಸಿ ಕೂತಳು. ಬಿಚ್ಚಿದ ಸರ ತೆಗೆದುಕೊಳ್ಳಲು ಒಂದು ಕೈಯನ್ನು ಹಿಂದಕ್ಕೆ ಚಾಚಿದಳು. ದಾಸಿ ಇಲ್ಲ. ಅರಮನೆಯ ಆಳುಗಳೆಲ್ಲ ಓಡಿಹೋಗಿದ್ದಾರೆ. ಕೈ ಹಾಗೇ ಇತ್ತು. ಮುಖದಲ್ಲಿ ಏನೂ ಬದಲಾಗಲಿಲ್ಲ, ಅಂಗೈ ಮಾತ್ರ ಸ್ವಲ್ಪ ಸ್ವಲ್ಪವೇ ಮುಚ್ಚಿಕೊಳ್ಳುತ್ತಾ ಬಂತು. ರಾಜ ಸತ್ತದ್ದು, ರಾಜ್ಯ ಹೋದದ್ದು, ತಾನು ಒಬ್ಬಳಾದದ್ದು, ಎಲ್ಲವೂ ಅವಳಿಗೆ ತಿಳಿದದ್ದು ಆ ಕೈಯಿಂದ. ನಮಗೂ ಹಾಗೆಯೇ.

ಕೂಗುತ್ತಿದ್ದವರಲ್ಲಿ ಕೆಲವರು ಬೀಡಿ ಹಚ್ಚಲು ಎದ್ದುಹೋದರು. ಎಲ್ಲರೂ ಮರುಳಾದರು ಎಂದು ನಾನು ಬರೆದರೆ ಸುಳ್ಳಾದೀತು. ಆದರೆ ಹೆಂಗಸರ ಕಡೆ ಸದ್ದು ಅಡಗಿತ್ತು. ಆ ಸದ್ದಿಲ್ಲದ್ದರಲ್ಲಿ ಒಂದು ದನಿ, ಪಕ್ಕದವಳಿಗೆ ಹೇಳುವಷ್ಟೇ ಮೆಲ್ಲಗೆ, ಕೇಳಿಸಿತು.

"ಯಾರಾದ್ರೂ ಬಿಚ್ಚಿ ಕೊಡಬಾರದಾ ಅವಳಿಗೆ..."

ಗಿರಿಜಕ್ಕನ ದನಿ. ನಾನು ತಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿದ್ದ ಮಾಸ್ಟ್ರ ಮುಖವನ್ನು ಊರಿಗೆ ತೋರಿಸುವ ಧೈರ್ಯ ನನಗಿರಲಿಲ್ಲ.

ಶೆಟ್ರು ಆಮೇಲೆ ನನ್ನನ್ನು ಮೈಕಿಗೆ ಕರೆಯಲಿಲ್ಲ. ಬೇಸಗೆ ಮುಗಿಯುವ ಮೊದಲೇ ಟೆಂಟು ಬೆಳ್ತಂಗಡಿಗೆ ಹೋಯಿತು. ಆ ಸಿನಿಮಾವನ್ನು ನಾನು ಮತ್ತೆಂದೂ ನೋಡಲಿಲ್ಲ, ಆ ನಟಿಯ ಹೆಸರು ಇವತ್ತಿಗೂ ತಿಳಿಯದು. ತ್ಯಾಂಪಣ್ಣ ಮತ್ತೆ ವೇಷ ಕಟ್ಟಿದರಾ ಎಂದು ಕೇಳುವವರಿದ್ದಾರೆ. ಕಟ್ಟಲಿಲ್ಲ. ಶಾಲೆಯ ಮಕ್ಕಳ ಚಡ್ಡಿ ಹೊಲಿದುಕೊಂಡೇ ಇದ್ದರು. ನಾನು ಮಾತ್ರ ಪಾಠ ಮಾಡುವಾಗ ನಡುನಡುವೆ ಸುಮ್ಮನಾಗುವುದನ್ನು ಕಲಿತೆ. ಮಕ್ಕಳ ಮುಖ ನೋಡಲು ಆಗ ಪುರುಸೊತ್ತು ಸಿಗುತ್ತಿತ್ತು.

ಆದರೆ ಆ ಭಾನುವಾರದ ಮರುದಿನ ಬೆಳಿಗ್ಗೆಯ ಸಂಗತಿ ಹೇಳದಿದ್ದರೆ ಇದನ್ನು ಬರೆದದ್ದೇ ದಂಡ.

ಶಾಲೆಗೆ ಹೋಗುವ ದಾರಿಯಲ್ಲಿ ಜವಳಿ ಅಂಗಡಿಯ ಎದುರು ನಾಲ್ಕೈದು ಜನ ಕೂತಿದ್ದರು. ಪಕ್ಕದ ಹೋಟೆಲಿನವನು ನನ್ನನ್ನು ಕಂಡದ್ದೇ, "ಬಂದರು ನೋಡಿ, ಮರೆತ ಮಾಸ್ಟ್ರು! ತ್ಯಾಂಪಣ್ಣ, ನಿಮಗೆ ಜೊತೆ ಆಯ್ತು" ಎಂದ. ಎಲ್ಲರೂ ನಕ್ಕರು. ತ್ಯಾಂಪಣ್ಣ ತಲೆ ಎತ್ತದೆ ಮೆಷಿನು ತುಳಿಯುತ್ತಿದ್ದರು. ಅದೇ ಹೊತ್ತಿಗೆ ಗಂಡನ ಗಂಜಿಯ ಪಾತ್ರೆ ಹಿಡಿದು ಗಿರಿಜಕ್ಕ ಜಗಲಿ ಹತ್ತಿದರು.

"ಮಾಸ್ಟ್ರಿಗೆ ಮರೆತದ್ದಲ್ಲ," ಎಂದರು.

"ಮತ್ತೆ? ಅವರಿಗೂ ಜ್ವರವಾ ಗಿರಿಜಕ್ಕ?"

ನಗು ಇನ್ನೂ ಜೋರಾಯಿತು. ಗಿರಿಜಕ್ಕ ಅದು ಮುಗಿಯುವವರೆಗೆ ಕಾದರು. ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿದರು.

"ಜ್ವರ ಇಲ್ಲ. ಇವರಿಗೂ ಆ ದಿನ ಜ್ವರ ಇರಲಿಲ್ಲ. ನಾನು ಸುಳ್ಳು ಹೇಳಿದ್ದು. ಇವರು ರಂಗದಲ್ಲಿ ಕೈ ಚಾಚಿದ್ದನ್ನು ನಾನು ಮುಂದೆ ಕೂತು ನೋಡಿದ್ದೆ. ನನಗೆ ಅರ್ಥ ಆಗಲಿಲ್ಲ, ಅಷ್ಟೇ."

ಮೆಷಿನು ನಿಂತಿತು. ತ್ಯಾಂಪಣ್ಣ ಹೆಂಡತಿಯ ಕಡೆ ತಿರುಗಲಿಲ್ಲ. ದಿನವೂ ಗಂಜಿಗೆ ಚಾಚುವ ಹಾಗೆ ಕೈಯನ್ನು ಹಿಂದಕ್ಕೆ ಚಾಚಿದರು. ಗಿರಿಜಕ್ಕ ಪಾತ್ರೆಯನ್ನು ಮೆಟ್ಟಿಲ ಮೇಲಿಟ್ಟು ಆ ಕೈಯನ್ನು ಹಿಡಿದುಕೊಂಡರು.